ಫೋನ್ ನಂಬರಿನ ಖಾನೆ

ಒಂದೇ ಒಂದು ಖಾನೆ ಸೇರಿಸಲು ಹೋಗಿ ದಮರ್ ತಿಂಗಳ ದುಡಿಮೆಯನ್ನೆಲ್ಲ ಕಣ್ಣೆದುರೇ ಕಳೆದುಕೊಂಡ.

ಜಾವಾದ ಸೆಮರಾಂಗ್ ಊರಿನ ಆ ಪುಟ್ಟ ಕಚೇರಿ ದ್ವೀಪಕ್ಕೆ ಹೋಗುವ ದೋಣಿಗಳಿಗೆ ಟಿಕೆಟ್ ಕೊಡುವ ವೆಬ್‌ಸೈಟ್ ಕಟ್ಟುತ್ತಿತ್ತು. ಕೋಡಿನ ಹಂದರವನ್ನು ಒಂದು ಟೂಲ್ ತಾನೇ ಬರೆದುಕೊಡುತ್ತಿತ್ತು. ಒಳಗಿನ ನಿಯಮಗಳನ್ನು ದಮರ್ ಕೈಯಾರೆ ತುಂಬಿದ್ದ. ಮಧ್ಯಾಹ್ನ ದೋಣಿ ಮಾಲೀಕರ ಸಂಘದವರು ನೋಡಿ ಒಪ್ಪಿದರೆ ಅವನ ಕೆಲಸ ಕಾಯಂ.

ಬೆಳಿಗ್ಗೆ ಯಜಮಾನರಾದ ಪಾಕ್ ತರ್ಜೊ, "ಪ್ರಯಾಣಿಕರ ಫೋನ್ ನಂಬರಿಗೂ ಒಂದು ಖಾನೆ ಇರ್ಲಪ್ಪ" ಅಂದರು. ದಮರ್ ಟೂಲನ್ನು ಇನ್ನೊಮ್ಮೆ ಓಡಿಸಿದ. ಅದು ಹಳೆಯ ಫೈಲುಗಳ ಮೇಲೆಯೇ ಹೊಸ ಖಾಲಿ ಫೈಲುಗಳನ್ನು ಬರೆದು, ರಂಗೋಲಿಯ ಮೇಲೆ ಸಗಣಿ ಸಾರಿಸಿದಷ್ಟು ಅಚ್ಚುಕಟ್ಟಾಗಿ ಕೆಲಸ ಮುಗಿಸಿತು.

"ಕಾಪಿ ಇಟ್ಟಿಲ್ವಾ ಅಣ್ಣಾ?" ಪಕ್ಕದ ಮೇಜಿನ ಸೆಕರ್ ಕೇಳಿದಳು.

"ಪೂರ್ತಿ ಚೆಂದ ಆಗ್ಲಿ, ಆಮೇಲೆ ಎಲ್ರಿಗೂ ತೋರ್ಸೋಣ ಅಂತಿದ್ದೆ."

"ಈಗ ಚೆಂದ ಆಯ್ತು ಬಿಡಿ. ತೊಳೆದಿಟ್ಟ ತಟ್ಟೆ ಥರ ಇದೆ."

ಕಚೇರಿಯೇ ಬಂದು ಮುತ್ತಿತು. ಒಬ್ಬ ಕಂಪ್ಯೂಟರ್ ಆರಿಸಿ ಹಾಕು ಅಂದ. ಲೆಕ್ಕ ನೋಡುವ ಅಮ್ಮ, "ಕುಡಿ ಮಗಾ, ನೆನಪು ತಾನಾಗೇ ಬರುತ್ತೆ" ಅಂತ ಶುಂಠಿ ಕಷಾಯ ತಂದರು. ಅರ್ಧವನ್ನು ಕೀಬೋರ್ಡೇ ಕುಡಿಯಿತು.

ದಮರ್ ಹಲ್ಲು ಕಚ್ಚಿದ. "ನಾನೇ ಬರೆದದ್ದು ತಾನೆ? ಮುಖ್ಯ ನಿಯಮಗಳನ್ನಾದ್ರೂ ಇನ್ನೊಂದ್ಸಲ ಬರೀತೀನಿ. ಎಲ್ರೂ ಹೋಗಿ!"

ಸೀಟು ತುಂಬಿದ ಮೇಲೆ ಟಿಕೆಟ್ ಇಲ್ಲ. ಬಿರುಗಾಳಿಯ ದಿನ ಇಲ್ಲ. ಮೇಲಂತಸ್ತಿಗೆ ಆಡು ಇಲ್ಲ. ತಿನ್ನಲೆಂದು ತಂದ ಲುಂಪಿಯಾ ತಣ್ಣಗಾಗಿ ಎಣ್ಣೆ ಬಿಟ್ಟುಕೊಂಡಿತು, ಅಂಟು ಕೀಲಿಗಳು ಒತ್ತಿದರೆ ಮೇಲೇಳಲೊಲ್ಲವು, ಬೆರಳುಗಳು ಮಾತ್ರ ನಿಲ್ಲಲಿಲ್ಲ.

ಕೊನೆಯ ಸಾಲು ಮುಗಿಸಿ ನೋಡಿದರೆ ಸೆಕರ್ ಕುರ್ಚಿಯಲ್ಲಿಲ್ಲ. ಸಂಘದವರು ಬೇಗನೆ ಬಂದುಬಿಟ್ಟಿದ್ದರು. ಹೊತ್ತು ಕಳೆಯಲೆಂದು ಅವಳು ಟೂಲ್ ಬರೆದ ಖಾಲಿ ಹಂದರವನ್ನೇ ತೋರಿಸುತ್ತಿದ್ದಳು! ಏನು ಕೇಳಿದರೂ "ಟಿಕೆಟ್ ಆಯಿತು" ಅನ್ನುವ ಮಾದರಿ ಉತ್ತರವೊಂದೇ ಅದಕ್ಕೆ ಗೊತ್ತಿದ್ದದ್ದು.

"ನಿಲ್ಸಿ! ಅದಲ್ಲ, ನಂದು ರೆಡಿ ಇದೆ!" ದಮರ್ ಓಡಿಬಂದು ತನ್ನದನ್ನು ತೆರೆದಿಟ್ಟ.

ಸಂಘದ ಅಧ್ಯಕ್ಷೆ ಬು ಎಂಡಾಂಗ್ ಒಂದೇ ದೋಣಿಗೆ ಇಡೀ ಮದುವೆ ದಿಬ್ಬಣ ಹತ್ತಿಸಿ ನೋಡಿದರು. "ಜಾಗ ಇಲ್ಲ" ಅಂದಿತು ವೆಬ್‌ಸೈಟ್. ಮೇಲಂತಸ್ತಿಗೆ ಆಡು? "ಇಲ್ಲ."

ಅವರ ಮುಖ ಸಪ್ಪಗಾಯಿತು. "ಅಯ್ಯೋ, ಏನು ಒರಟಪ್ಪಾ ಇದು! ನಮ್ಮ ಜಾವಾದಲ್ಲಿ ಯಾರಾದ್ರೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂತಾರಾ? ಮೊದಲಿನದು ಎಷ್ಟು ವಿನಯವಾಗಿ ಎಲ್ಲದಕ್ಕೂ ಹೂಂ ಅಂತಿತ್ತು! ಜಾಗ ಸಾಲ್ದೇ ಹೋದ್ರೆ ಬಂದರಲ್ಲಿ ನಾವೇ ಚಹಾ ಕೊಟ್ಟು ಸಮಾಧಾನ ಮಾಡ್ತೀವಿ. ಅದೇ ಇರ್ಲಿ. ಬರೆದೋರು ಯಾರು? ಅವರನ್ನ ಬಿಡ್ಬೇಡಿ."

"ಅದು ಟೂಲ್ ಬರೆದದ್ದು, ಬು." ಪಾಕ್ ತರ್ಜೊ ಬಾಗಿ ನಕ್ಕು, ದಮರ್ ಕಡೆ ತಿರುಗಿದರು. "ನಿನ್ನನ್ನ ಇನ್ನೂ ಮೂರು ತಿಂಗಳು ನೋಡೋಣ ಕಣಪ್ಪ. ಅಷ್ಟರಲ್ಲಿ ಏನೂ ಬರೀದೇ ಇರೋದನ್ನ ಕಲಿ. ಆಗುತ್ತಾ?"

ಹೇಳಬೇಕಾದ ಮಾತೆಲ್ಲ ದಮರನ ಗಂಟಲಿನವರೆಗೆ ಬಂತು. ಅವನೂ ಜಾವಾದವನೇ.

"ಹೂಂ ಪಾಕ್" ಅಂದ.