ಉಗಿರಥಕ್ಕೆ ಅಂಟಿದ ಸಾರಥಿ

ರಟ್ಟಿನ ಡಬ್ಬಿ, ಸೋಡಾ ಬಾಟಲಿಯ ಮುಚ್ಚಳ, ಖಾಲಿ ರೀಫಿಲ್ಲು ಇಷ್ಟು ಕೊಟ್ಟರೆ ಸಾಕು, ನಾನು ವಿಕ್ಟೋರಿಯಾ ರಾಣಿಗೇ ಯುದ್ಧರಥ ಕಟ್ಟಿಕೊಡಬಲ್ಲೆ! ಇಡೀ ಹರಪನಹಳ್ಳಿಯಲ್ಲಿ ಈ ಮಾತು ಹೇಳುವ ಗಂಡಸು ನಾನೊಬ್ಬನೇ. ಕೇಳುವವರು ಯಾರೂ ಇಲ್ಲ, ಅದು ಬೇರೆ ಮಾತು.

ಆ ರಾಣಿಯ ಕಾಲದ ಜನ ಕಲ್ಪಿಸಿಕೊಂಡಿದ್ದ, ಉಗಿಯಿಂದ ಓಡುವ ವಿಚಿತ್ರ ಗಾಡಿಗಳನ್ನು ಅಂಗೈಯಗಲ ಮಾಡುವುದು ನನ್ನ ಹುಚ್ಚು. ಬೆರಳುದ್ದದ ಸೈನಿಕರ ಜೊತೆ ಅವನ್ನು ಮೇಜಿನ ಮೇಲಿಟ್ಟು, ದಾಳ ಉರುಳಿಸಿ ಯುದ್ಧ ಮಾಡಬೇಕು. ಆಟಕ್ಕೆ ಇಬ್ಬರು ಬೇಕು. ಹೆಂಡತಿ ಕೋಮಲಾ ಹಡಗಲಿಯಲ್ಲಿ ನರ್ಸು, ರಜೆ ಸಿಕ್ಕಾಗ ಬರುತ್ತಾಳೆ. ಹಾಗಾಗಿ ಎರಡೂ ಕಡೆಯ ಸೇನಾಪತಿ ನಾನೇ. ಗೆದ್ದು ಮೀಸೆ ತಿರುವಿದರೆ, ಎದುರಿಗೆ ಸೋತು ಕೂತವನೂ ನಾನೇ!

ಮೊನ್ನೆ ಭಾನುವಾರ ಜಗತ್ತೇ ಬೆರಗಾಗುವ ಮಹಾರಥ ಕಟ್ಟಲು ಕೂತೆ. ಪೇಡೆ ಡಬ್ಬಿಯ ಒಡಲು, ಪ್ಲಾಸ್ಟಿಕ್ ಮುಚ್ಚಳದ ಹೊಗೆಕೊಳವೆ. ಕ್ಷಣದಲ್ಲಿ ಕಚ್ಚುವ ಗಮ್ಮು ಹಚ್ಚಿ, ಅಲುಗಾಡದಿರಲೆಂದು ಒತ್ತಿ ಹಿಡಿದೆ. ಅಲುಗಾಡಲಿಲ್ಲ. ಕೊಳವೆಯೂ ಅಲುಗಾಡಲಿಲ್ಲ, ನನ್ನ ಎರಡು ಬೆರಳೂ ಅಲುಗಾಡಲಿಲ್ಲ!

ಎಡಗೈಯಲ್ಲಿ ಫೋನ್ ಮಾಡಿದೆ. “ಕೋಮಲಾ, ನಾನು ರಥಕ್ಕ ಅಂಟ್ಕೊಂಡೀನಿ!”

“ಅದು ಹಳೇ ಸುದ್ದಿ. ಹೊಸಾದು ಹೇಳ್ರಿ.”

“ಖರೇನ ಅಂಟೈತಿ, ಗಮ್ಮಿನಾಗ!”

“ಅಯ್ಯ! ಜಗ್ಗಬ್ಯಾಡ್ರಿ, ಚರ್ಮ ಕಿತ್ತು ಬರ್ತೈತಿ. ಬೆಚ್ಚಗಿನ ಸೋಪಿನ ನೀರಾಗ ಇಡ್ರಿ. ಯಾರನ್ನಾರ ಕರೀರಿ.”

“ಯಾರನ್ನ?”

ಅವಳು ಯೋಚಿಸಿದಳು. ನಾನೂ ಯೋಚಿಸಿದೆ. ಈ ಓಣಿಗೆ ಬಂದು ವರ್ಷಗಳಾದವು, ಒಂದು ಹೆಸರೂ ನಾಲಿಗೆಗೆ ಬರಲಿಲ್ಲ.

“ಎದುರಿನ ಮನಿ ಅಮ್ಮಾರು ಅದಾರಲ್ಲ,” ಎಂದಳು ಕೊನೆಗೆ, ಮೆಲ್ಲಗೆ.

ಎದುರು ಮನೆಯ ಮರುಳಸಿದ್ದಮ್ಮ (ಹೆಸರು ನನಗೆ ತಿಳಿದದ್ದು ಆಮೇಲೆ) ಬಾಗಿಲು ತೆರೆದು, ನಾನು ಚಾಚಿದ್ದ ರಥವನ್ನು ನೋಡಿದರು. “ಏನು ಕೊಡಾಕ ಬಂದ್ರಿ, ತಮ್ಮಾ?”

“ಕೊಡಾಕಲ್ಲ ಅಮ್ಮಾರ, ಬಿಡಿಸ್ಕೊಳ್ಳಾಕ!”

ಅವರು ನಮ್ಮ ಮನೆಗೇ ಬಂದು, ನೀರು ಕಾಯಿಸಿ, ಬೋಗುಣಿಯಲ್ಲಿ ನನ್ನ ಕೈ ಮುಳುಗಿಸಿದರು. ರಟ್ಟು ನೆನೆಯಿತು. ಚಕ್ರ ಕಳಚಿದವು, ಫಿರಂಗಿ ಉದುರಿದವು. ಜಗತ್ತು ಬೆರಗಾಗುವ ಮೊದಲೇ ಮಹಾರಥ ಗಂಜಿಯಾಯಿತು! ಹೊಗೆಕೊಳವೆ ಮಾತ್ರ ನನ್ನ ಕೈ ಬಿಡಲಿಲ್ಲ.

“ಇದನ್ನ ಯಾರ ಜೋಡಿ ಆಡ್ತೀರಿ?” ಮೇಜಿನ ಮೇಲಿನ ಸೈನಿಕರನ್ನೂ ದಾಳವನ್ನೂ ನೋಡಿ ಕೇಳಿದರು.

“ನನ್ನ ಜೋಡಿ ನಾನ.”

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ತಮ್ಮ ಮಂಡಿನೋವು, ಚಿಗಟೇರಿಯ ತಂಗಿ, ಆ ತಂಗಿಯ ಬಾಯಿ ಜೋರು, ಎಲ್ಲ ಹೇಳಿದರು. ನಾನು ನಮ್ಮ ಆಫೀಸಿನ ಪುರಾಣ ಬಿಚ್ಚಿದೆ. ನನ್ನ ಮಾತಿಗೆ ಇನ್ನೊಬ್ಬರು ‘ಹೂಂ’ ಅನ್ನುವುದನ್ನು ಈ ಮನೆಯ ಗೋಡೆಗಳು ಕೇಳಿ ಎಷ್ಟು ಕಾಲವಾಗಿತ್ತೋ! ನೀರು ಆರಿತು.

“ಬಿಡ್ತೇನು?” ಎಂದು ಎದ್ದರು.

“ಇನ್ನೂ ಇಲ್ಲ ಅಮ್ಮಾರ! ಭಾಳ ಗಟ್ಟಿ ಹಿಡಿದೈತಿ. ಸ್ವಲ್ಪ ಹೊತ್ತು ಕೂಡ್ರಿ.”

ಮರುಳಸಿದ್ದಮ್ಮ ಬಗ್ಗಿ ಬೋಗುಣಿ ನೋಡಿದರು.

“ಕೊಳವಿ ಆಗ್ಲೇ ಬಿಟ್ಟು ತೇಲಾಕತ್ತೈತಿ. ಬಿಡಾಕ ಒಲ್ಲೆ ಅನ್ನೋರು ನೀವು! ಕೈ ಒರಸ್ಕೊಂಡು ಚಾ ಇಡ್ರಿ ತಮ್ಮಾ, ಕೂಡ್ತೀನಿ.”