ಬಿಡಿಭಾಗ, ಒಂದು

೧೯೮೭ರ ಆಗಸ್ಟ್ ೧೧, ಮಂಗಳವಾರ. ಮಳೆ ಹೊಳವಾಗಿ ಮಧ್ಯಾಹ್ನ ಸ್ವಲ್ಪ ಬಿಸಿಲು ಬಿತ್ತು. ಅಂದು ಹೊನ್ನಾವರದ ರಕ್ತನಾಳ ಸಂಶೋಧನಾ ಉಪಕೇಂದ್ರಕ್ಕೆ, ಚಿತ್ರ ನೋಡಿ ತಾನೇ ಎಣಿಸುವ ಯಂತ್ರ ಬಂತು.

ಉಪಕೇಂದ್ರದಲ್ಲಿ ಗಾಜಿನ ತಟ್ಟೆಗಳಲ್ಲಿ ಜೀವಕೋಶ ಬೆಳೆಸುತ್ತಿದ್ದರು. ಅವು ಒಂದಕ್ಕೊಂದು ಕೂಡಿ ರಕ್ತನಾಳಗಳ ಸಣ್ಣ ಜಾಲ ಕಟ್ಟುತ್ತಿದ್ದವು. ಅದರ ಕವಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುತ್ತಿದ್ದವಳು ಹತ್ತಿರದ ಮಂಕಿ ಊರಿನ ಮಾಸ್ತಮ್ಮ. ಗುಡಿಸಲೆಂದು ದಿನಗೂಲಿಗೆ ಬಂದವಳು; ಚಿಕ್ಕಂದಿನಿಂದ ಬಲೆ ಹೆಣೆದ ಕಣ್ಣಾದ್ದರಿಂದ ಎಣಿಕೆ ತಪ್ಪುತ್ತಿರಲಿಲ್ಲ. ಗಂಡ ಈರ ದೋಣಿಯಲ್ಲಿ ಬಿದ್ದು ಕಾಲು ಮುರಿದುಕೊಂಡ ಮೇಲೆ ಅವಳ ದಿನದ ಒಂಬತ್ತು ರೂಪಾಯಿಯಲ್ಲೇ ಮನೆ ನಡೆಯುತ್ತಿತ್ತು.

ಯಂತ್ರದ ಜೊತೆ ನಿಯಮವೂ ಬಂದಿತ್ತು: ಇನ್ನು ಮುಂದೆ ಯಾರೂ ಕಣ್ಣಿನಿಂದ ಎಣಿಸತಕ್ಕದ್ದಲ್ಲ. ಮಾಸ್ತಮ್ಮನನ್ನು ಕೆಲಸದಿಂದ ಬಿಡಿಸಲಾಯಿತು.

ಮೂರನೆಯ ದಿನ ಯಂತ್ರವು ಹಿಂದೆಂದೂ ಕಾಣದಷ್ಟು ಉದ್ದದ ರಕ್ತನಾಳವೊಂದನ್ನು ಪತ್ತೆ ಮಾಡಿತು. ಕೇಂದ್ರ ಕಚೇರಿ ಅಭಿನಂದಿಸಿ, ಇಂಥವನ್ನು ತಿಂಗಳಿಗೆ ಹತ್ತರಂತೆ ಬೆಳೆಸಲು ಆದೇಶಿಸಿತು. ಬಾಕಿ ಕೂಲಿಗೆ ಬಂದಿದ್ದ ಮಾಸ್ತಮ್ಮ ತಟ್ಟೆಯನ್ನು ನೋಡಿ ಅಧಿಕಾರಿ ಕೃಷ್ಣಾನಂದರಿಗೆ ಹೇಳಿದಳು:

"ಇದು ನಿಮ್ಮ ಕೂದ್ಲು, ಸಾಹೇಬ್ರೆ."

ಕೃಷ್ಣಾನಂದರು ತಲೆ ಮುಟ್ಟಿ ನೋಡಿಕೊಂಡರು. ತಿಂಗಳಿಗೆ ಹತ್ತರಂತೆ ಕೊಟ್ಟರೆ ಅಲ್ಲಿ ಉಳಿದಿದ್ದ ಕೂದಲು ದೀಪಾವಳಿ ದಾಟುವಷ್ಟಿರಲಿಲ್ಲ.

ಯಂತ್ರದ ಎಣಿಕೆಯನ್ನು ನೌಕರರು ತಿದ್ದುವಂತಿರಲಿಲ್ಲ. ಆದರೆ ಬಿಡಿಭಾಗ ಜೋಡಿಸಿದರೆ ಹಿಂದಿನ ಎಣಿಕೆ ತಾನಾಗಿ ರದ್ದಾಗುತ್ತದೆಂದು ಉಗ್ರಾಣದ ವೆಂಕಟ ನಿಯಮ ತೋರಿಸಿದ. ಅದರಂತೆ ದಾಸ್ತಾನು ಪುಸ್ತಕದಲ್ಲಿ ಬರೆಯಲಾಯಿತು: 'ಬಿಡಿಭಾಗ, ಒಂದು. ಮಾಸ್ತಮ್ಮ. ಮಂಕಿಯಲ್ಲಿ ತಯಾರಾದದ್ದು.'

"ಎಂತ, ನಾನು ಸಾಮಾನಾ?"

"ಪುಸ್ತಕದಲ್ಲಿ ಮಾತ್ರ ಮಾರಾಯ್ತಿ," ಎಂದ ವೆಂಕಟ. "ಸಾಮಾನನ್ನ ಕೆಲಸದಿಂದ ತೆಗೆಯೂಕೆ ಬರೂದಿಲ್ಲ."

"ಹಾಂಗಾದ್ರೆ ಆತು."

ದಾಸ್ತಾನಿನ ಸಂಖ್ಯೆಯನ್ನು ಸಾಮಾನಿನ ಮೇಲೆ ಬಣ್ಣದಲ್ಲಿ ಬರೆಯಬೇಕಿತ್ತು. ಕೈಮೇಲೆ ಬೇಡವೆಂದಳು, ಕೊಡೆಯ ಮೇಲೆ ಬರೆದರು. ಅಂದಿನಿಂದ ಯಂತ್ರ ಒಂದು ಸಂಖ್ಯೆ ಹೇಳುತ್ತಿತ್ತು, ಮಾಸ್ತಮ್ಮ ಇನ್ನೊಂದು ಹೇಳುತ್ತಿದ್ದಳು, ಅವಳದನ್ನು ಯಂತ್ರದ್ದೆಂದು ಬರೆದುಕೊಳ್ಳುತ್ತಿದ್ದರು. ತಪ್ಪಿಲ್ಲದ ಎಣಿಕೆಗಾಗಿ ಯಂತ್ರಕ್ಕೆ ಪ್ರಶಂಸಾಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿದರು. ದಿನಾ ಅದರ ಧೂಳು ಒರೆಸುವುದೂ ಬಿಡಿಭಾಗದ ಕೆಲಸವಾಯಿತು.

ತಿಂಗಳ ಕೊನೆಗೆ ಅತ್ತೆ ದುರ್ಗಿ ಮನೆ ಬಾಗಿಲಲ್ಲೇ ಕೂಲಿಗೆ ಕಾದಿದ್ದಳು. ಹೊಸ ಬಿಡಿಭಾಗಕ್ಕಾದರೆ ದಿನಕ್ಕೆ ಒಂಬತ್ತು, ಬಳಸಿದ್ದಕ್ಕೆ ಅರ್ಧ ದರವೆಂದೂ, ವೆಂಕಟ ವಯಸ್ಸು ಕೇಳಿದಾಗ ತಾನು ನಲವತ್ತೊಂದು ಎಂದುಬಿಟ್ಟೆನೆಂದೂ ಮಾಸ್ತಮ್ಮ ಕೊಡೆ ಮಡಚುತ್ತ ವಿವರಿಸಿದಳು.

ದುರ್ಗಿ ಕೊಡೆಯನ್ನು ತೆಗೆದುಕೊಂಡು ಗೋಡೆಗೆ ಒರಗಿಸಿದಳು.

"ಹಳೇ ಬಲೆಗೂ ಹಾಂಗೇ ಅಲ್ದನೇ ಕೊಡೂದು," ಎಂದಳು. "ಕಡೆಗೆ ದಿನಕ್ಕೆ ಎಷ್ಟು ಬಿತ್ತು?"

"ನಾಲ್ಕೂವರೆ."