ಅಟ್ಟದ ಮುಂದಿನ ಸಾಲು

ಕೆಂಕೆರೆಯ ರವಿಕಿರಣನ ಅಟ್ಟದಲ್ಲಿ ಕೊಬ್ಬರಿ ಉಳಿದಿದ್ದದ್ದು ಮುಂದಿನ ಸಾಲಿನಲ್ಲಿ ಮಾತ್ರ. ಹೆಂಡತಿ ಶಾಂತಕುಮಾರಿ ತವರಿಗೆ ಹೋಗಿದ್ದಾಗ ಹಿಂದಿನದನ್ನೆಲ್ಲ ಸದ್ದಿಲ್ಲದೆ ಮಾರಿ, ಬಂದ ದುಡ್ಡನ್ನು ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ಕಂಪನಿಯೊಂದರ ಷೇರಿಗೆ ಸುರಿದಿದ್ದ. ಕೆಳಗಿನಿಂದ ಕತ್ತೆತ್ತಿ ನೋಡಿದರೆ ಅಟ್ಟ ಮದುವೆ ಊಟ ಮುಗಿಸಿದವನ ಹೊಟ್ಟೆಯಂತೆ ತುಂಬಿಕೊಂಡೇ ಕಾಣುತ್ತಿತ್ತು. ಷೇರು ಏರಿದ ದಿನ ಮಾರಿ, ಅವಳು ಏಣಿ ಹತ್ತುವ ಮೊದಲು ಅಟ್ಟ ತುಂಬಿಸಿಬಿಡುವುದು ಅವನ ಹಂಚಿಕೆ.

ಆ ದಿನ ಬಂದೇಬಿಟ್ಟಿತು. ಕಂಪನಿಗೆ ಬಂದ ಆರ್ಡರು ಹೋದ ಸಲದ ಎರಡರಷ್ಟು ಎಂದು ಬೆಳಿಗ್ಗೆಯೇ ಫೋನು ಸಾರಿತು. ರವಿಕಿರಣ ದಾಸಣ್ಣನ ಟೀ ಅಂಗಡಿಗೆ ಓಡಿ, ಕೂತವರಿಗೆಲ್ಲ ಟೀ ಜೊತೆಗೆ ಬನ್ನೂ ಹೇಳಿದ.

ಬನ್ನು ಬಾಯಿಗೆ ಹೋಗುವಷ್ಟರಲ್ಲಿ ಷೇರು ಹಗ್ಗ ಹರಿದ ಬಿಂದಿಗೆಯಂತೆ ಕೆಳಗಿಳಿಯಿತು.

"ತಿಪಟೂರು ಮಾರ್ಕೆಟ್ಟಲ್ಲಿ ಬೇಡಿಕೆ ಎಲ್ಡರಷ್ಟಾದ್ರೆ ರೇಟು ಇಳೀತದೇನ್ಲಾ?" ಎಂದ ದಾಸಣ್ಣ.

"ಮೂರರಷ್ಟು ಬತ್ತೈತೆ ಅನ್ಕಂಡಿದ್ರಂತೆ ಕಣಣ್ಣ."

"ಯಾರ್ಲಾ?"

"ದುಡ್ಡು ಹಾಕಿರೋರು."

"ನೀನೂ ಹಾಕಿದೀಯಲ್ಲ, ನೀನೇನ್ ಅನ್ಕಂಡಿದ್ದೆ?"

"ನನ್ನ ಯಾರ್ ಕೇಳ್ತಾರಣ್ಣ!"

"ನಮ್ಮ ಬೀಗ್ರಂಗೇ ಬುಡು. ಎಲ್ಡು ಸೀರೆ ಕೊಟ್ರೆ, ಮೂರನೇದೆಲ್ಲಿ ಅಂತ ಎಲೆ ಮುಂದಿಂದ ಎದ್ದೋದ್ರು."

ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಕ್ಕ ಡೈರಿಗೆ ಹಾಲು ಹಾಕಿ ಬಂದಳು. ಅವಳ ಕಿವಿಗೆ ಬಿದ್ದದ್ದು ಶಾಂತಕುಮಾರಿಯ ಕಿವಿಗೆ ಬಿದ್ದಂತೆಯೇ.

"ಏನ್ಲಾ ಅದು, ಮಕ ಹಂಗ್ ಮಾಡ್ಕಂಡಿದೀಯ?"

"ಏನಿಲ್ಲಕ್ಕ," ಎಂದು ರವಿಕಿರಣ ಹಲ್ಲು ಕಿರಿದ. "ಯಾವ್ದೋ ಒಳ್ಳೆ ಕಂಪ್ನಿ. ಆರ್ಡ್ರು ಎಲ್ಡರಷ್ಟಾಗೈತೆ, ಷೇರು ಅಗ್ಗಕ್ಕೆ ಸಿಗ್ತೈತೆ. ಸುಮ್ನೆ ನೋಡ್ತಿದ್ದೆ."

ಮಧ್ಯಾಹ್ನದ ಹೊತ್ತಿಗೆ ಅವನ ಎದೆ ತಡೆಯಲಿಲ್ಲ. ಇದ್ದ ಷೇರನ್ನೆಲ್ಲ ಮಾರಲಿಟ್ಟ. ರೆಪ್ಪೆ ಬಡಿಯುವುದರೊಳಗೆ ಹೋದವು.

"ಇಂಥಾ ಹೊತ್ತಲ್ಲೂ ತಗಳ್ಳೋ ಪೆದ್ದರು ಇದಾರಲ್ಲಣ್ಣ!"

"ಪಾಪ, ಅವರ ಮನೆಯೋರ ಗತಿ ಏನ್ಲಾ?" ಎಂದು ದಾಸಣ್ಣ ಲೊಚಗುಟ್ಟಿದ.

ಮನೆಗೆ ಬಂದರೆ ಬಾಗಿಲಲ್ಲಿ ಟೆಂಪೊ. ಹುಳಿಯಾರಿನ ಕೊಬ್ಬರಿ ವ್ಯಾಪಾರಿ ಶ್ರೀರಂಗಯ್ಯ ಜಗಲಿಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದ. ಶಾಂತಕುಮಾರಿಯ ಮುಖ ಹಬ್ಬದ ಹೊಸಿಲಿನಂತೆ ಹೊಳೆಯುತ್ತಿತ್ತು.

"ರೀ, ಪುಟ್ಟಕ್ಕ ಎಲ್ಲಾ ಹೇಳಿದ್ಲು. ನೀವಂತೂ ಬರೀ ನೋಡ್ಕಂಡು ಕೂರೋ ಗಂಡಸು. ಮಧ್ಯಾಹ್ನ ನನ್ನ ತಮ್ಮನ ಫೋನಲ್ಲಿ ಆ ಷೇರು ನಾನೇ ತಗಂಡೆ!"

"ದುಡ್ಡು?" ಎಂದು ರವಿಕಿರಣ ಟೆಂಪೊ ಕಡೆ ನೋಡಿದ.

"ಇವರು ಮುಂಗಡ ಕೊಟ್ರು. ಅಟ್ಟದ ತುಂಬ ಕೊಬ್ಬರಿ ಐತಲ್ಲ!"

ಶ್ರೀರಂಗಯ್ಯ ಲೋಟ ಕೆಳಗಿಟ್ಟು, ಪಂಚೆ ಎತ್ತಿಕಟ್ಟಿದ.

"ಏಣಿ ತತ್ತಾ ರವಿಯಣ್ಣ. ಹಿಂದಿನ ಸಾಲಿಂದ್ಲೇ ಶುರು ಮಾಡಾನ. ಒಳ್ಳೆ ಮಾಲು ಯಾವತ್ತೂ ಅಲ್ಲೇ ಇರೋದು."